ಬೀದಿಯ ಸ್ಟಿಕ್ಕರ್ ಕಲೆ

ದೀಪದ ಕಂಬ, ಸಿಗ್ನಲ್ ಪೆಟ್ಟಿಗೆ, ರಸ್ತೆ ಫಲಕದ ಹಿಂಬದಿ, ಮಳೆನೀರಿನ ಕೊಳವೆ, ಅಂಚೆ ಡಬ್ಬಿ ಇಂಥ ಕಡೆಗಳಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ, ತಾವೇ ಬರೆದ ಇಲ್ಲವೆ ಮುದ್ರಿಸಿದ ಅಂಟುಚೀಟಿಗಳನ್ನು ಹಚ್ಚುವ ಬೀದಿಕಲೆಯ ಪ್ರಕಾರವನ್ನು ಸ್ಟಿಕ್ಕರ್ ಕಲೆ ಎನ್ನುತ್ತಾರೆ. ಹೀಗೆ ಹಚ್ಚಿದ ಚೀಟಿಗೆ ಈ ವಲಯದಲ್ಲಿ ‘ಸ್ಲ್ಯಾಪ್’ ಎಂಬ ಹೆಸರಿದೆ. ಒಂದೇ ಜಾಗವನ್ನು ಒತ್ತೊತ್ತಾಗಿ ಮುಚ್ಚಿಬಿಡುವುದಕ್ಕೆ ‘ಸ್ಟಿಕ್ಕರ್ ಬಾಂಬಿಂಗ್’ ಎನ್ನುವುದು ರೂಢಿ. ಸ್ಪ್ರೇ ಬಣ್ಣದ ಗ್ರಾಫಿಟಿ, ಅಚ್ಚುಹಾಳೆಯಿಂದ ಮೂಡಿಸುವ ಸ್ಟೆನ್ಸಿಲ್, ಮೈದಾ ಅಂಟಿನಲ್ಲಿ ಹಚ್ಚುವ ಪೋಸ್ಟರ್ ಇವೆಲ್ಲ ಇದರ ಒಡಹುಟ್ಟುಗಳು. ಬಹುಪಾಲು ಕಲಾವಿದರು ಇವುಗಳಲ್ಲಿ ಒಂದಕ್ಕಿಂತ ಹೆಚ್ಚಿನದನ್ನು ಬಲ್ಲವರೇ ಆಗಿರುತ್ತಾರೆ.

ಸ್ಟಿಕ್ಕರ್ ಕಲೆಯಲ್ಲಿ ಚಿತ್ರ ಬರೆಯುವ ಜಾಗ ಬೇರೆ, ಅದನ್ನು ತೋರುವ ಜಾಗ ಬೇರೆ. ಗೋಡೆಗೆ ಬಣ್ಣ ಹಾಕುವವನು ಕತ್ತಲಲ್ಲಿ, ಪೊಲೀಸರ ಕಣ್ಣು ತಪ್ಪಿಸಿ, ಅಲ್ಲೇ ನಿಂತು ಮುಗಿಸಬೇಕು. ಸ್ಟಿಕ್ಕರಿನವನು ಮನೆಯ ಮೇಜಿನ ಮೇಲೆ ಗಂಟೆಗಟ್ಟಲೆ ತಿದ್ದಬಹುದು. ಬೀದಿಯಲ್ಲಿ ಅವನಿಗೆ ಬೇಕಾದದ್ದು ಹಿಂಬದಿಯ ಕಾಗದ ಸುಲಿದು ಅಂಗೈಯಿಂದ ಒತ್ತುವ ನಾಲ್ಕೈದು ಸೆಕೆಂಡು ಮಾತ್ರ. ಹಾಡುಹಗಲೇ, ಸಿಗ್ನಲ್ಲಿಗೆ ಕಾಯುತ್ತಾ ನಿಂತವರ ನಡುವೆಯೇ ಇದು ನಡೆದುಹೋಗುತ್ತದೆ. ದೊಡ್ಡ ಗೋಡೆ, ಏಣಿ, ಕಾವಲಿಗೆ ಗೆಳೆಯರ ಗುಂಪು ಯಾವುದೂ ಇಲ್ಲದವರು ಬೀದಿಗೆ ಬರಲು ಸಾಧ್ಯವಾದದ್ದು ಇದರಿಂದಲೇ. ಇದನ್ನು ಗ್ರಾಫಿಟಿಯ ಕಿರಿಯ ತಮ್ಮನೆಂದು ಒಂದು ಸಾಲಿನಲ್ಲಿ ಮುಗಿಸುವ ಬರಹಗಳು ಈ ಕಲೆಗೆ ಅನ್ಯಾಯ ಮಾಡುತ್ತವೆ. ಇದರ ದುಡಿಮೆಯ ಕ್ರಮ ಬೇರೆ, ನೋಡಬೇಕಾದ ಕ್ರಮವೂ ಬೇರೆ. ಒಂದು ಸ್ಟಿಕ್ಕರನ್ನು ಮಾತ್ರ ನೋಡಿ ಬೆಲೆ ಕಟ್ಟಲಾಗದು. ಅದೇ ಮುಖ ಊರಿನ ಹತ್ತಾರು ತಿರುವುಗಳಲ್ಲಿ ಮತ್ತೆ ಮತ್ತೆ ಎದುರಾದಾಗಲೇ ಕೃತಿ ಪೂರ್ಣವಾಗುತ್ತದೆ.

ಅಂಟಿನ ಹಿನ್ನೆಲೆ

ನೀರು ತಾಗಿಸಿ ಅಥವಾ ನಾಲಿಗೆಯಿಂದ ಸವರಿ ಹಚ್ಚುವ ಗೋಂದಿನ ಚೀಟಿಗಳು 19ನೇ ಶತಮಾನದಲ್ಲೇ ಯುರೋಪಿನಲ್ಲಿ ಬಳಕೆಗೆ ಬಂದಿದ್ದವು. ಒತ್ತಿದರೆ ಸಾಕು ಅಂಟುವ ಚೀಟಿಯನ್ನು ಕಾರ್ಖಾನೆಯ ಸರಕಾಗಿಸಿದವರು ಅಮೆರಿಕದ ಆರ್. ಸ್ಟಾಂಟನ್ ಏವರಿ. 1935ರಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಮದುವೆ ನಿಶ್ಚಯವಾಗಿದ್ದ ಹುಡುಗಿಯಿಂದ 100 ಡಾಲರ್ ಸಾಲ ಪಡೆದು, ಬಟ್ಟೆ ಒಗೆಯುವ ಯಂತ್ರದ ಮೋಟಾರು ಮತ್ತು ಹೊಲಿಗೆ ಯಂತ್ರದ ಬಿಡಿಭಾಗಗಳನ್ನು ಜೋಡಿಸಿ ಅವರು ತಮ್ಮ ಮೊದಲ ಯಂತ್ರ ಕಟ್ಟಿದರು. ಅದರಿಂದ ಬಂದವು ಅಂಗಡಿಗಳ ಬೆಲೆ ಚೀಟಿಗಳು. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಕಾನ್ಸಾಸ್ ಸಿಟಿಯ ಮುದ್ರಕ ಫಾರೆಸ್ಟ್ ಗಿಲ್ ಇದೇ ಅಂಟಿಗೆ ಹೊಳೆಯುವ ಶಾಯಿಯನ್ನು ಕೂಡಿಸಿ ಕಾರಿನ ಬಂಪರ್ ಸ್ಟಿಕ್ಕರ್ ತಂದರು. ಚುನಾವಣೆ ಘೋಷಣೆಗಳೂ ಪ್ರವಾಸಿ ತಾಣಗಳ ಹೆಸರುಗಳೂ ಗಾಡಿ ಏರಿ ಹೊರಟವು.

ಈ ಅಂಟು ಒಣಗುವುದಿಲ್ಲ. ಗೋಂದು ಒಣಗಿ ಗಟ್ಟಿಯಾಗಿ ಹಿಡಿದರೆ, ಇದು ಸದಾ ಮೆತ್ತಗೇ ಇದ್ದು, ಒತ್ತಿದಾಗ ಮೇಲ್ಮೈಯ ಸಣ್ಣ ಸಣ್ಣ ತಗ್ಗುಗಳಿಗೆ ಹರಿದು ಹಿಡಿಯುತ್ತದೆ. ಆದ್ದರಿಂದಲೇ ಸ್ಟಿಕ್ಕರಿನವರು ಬಣ್ಣ ಬಳಿದ ಲೋಹ, ಗಾಜು, ನುಣುಪು ಪ್ಲಾಸ್ಟಿಕ್ಕನ್ನು ಹುಡುಕುತ್ತಾರೆ. ದೂಳು ಕೂತ, ತರಕಲಾದ ಸಿಮೆಂಟ್ ಗೋಡೆ ಅವರಿಗೆ ಬೇಡ. ಹಿಂಬದಿಯ ಕಾಗದಕ್ಕೆ ಸಿಲಿಕೋನ್ ಸವರಿರುವುದರಿಂದ ಅಂಟು ಅದನ್ನು ಹಿಡಿದೂ ಹಿಡಿಯದಂತೆ ಇರುತ್ತದೆ. ಕಾಗದದ ಸ್ಟಿಕ್ಕರ್ ಅಗ್ಗ, ಕೈಬರಹಕ್ಕೆ ಒಗ್ಗುತ್ತದೆ, ಆದರೆ ಮಳೆಗೆ ಸೋಲುತ್ತದೆ. ವಿನೈಲ್ ನೀರನ್ನು ತಡೆಯುತ್ತದೆ. ಅದರ ಮೇಲಿನ ಬಣ್ಣ ಬಿಸಿಲಿಗೆ ಎಷ್ಟು ದಿನ ನಿಲ್ಲುತ್ತದೆ ಎಂಬುದು ಶಾಯಿಗೆ ಬಿಟ್ಟದ್ದು. ಸ್ಕ್ರೀನ್ ಪ್ರಿಂಟಿಂಗಿನ ದಪ್ಪ ಶಾಯಿಗೆ ಈಗಲೂ ಮರ್ಯಾದೆ ಇರುವುದು ಇದೇ ಕಾರಣಕ್ಕೆ.

ಕಲೆಯ ಮಾತು ಬರುವುದಕ್ಕೆ ಎಷ್ಟೋ ಮೊದಲೇ ರಾಜಕೀಯ ಈ ಮಾಧ್ಯಮವನ್ನು ಹಿಡಿದಿತ್ತು. 1905ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್ ಎಂಬ ಕಾರ್ಮಿಕ ಸಂಘಟನೆ 1910ರ ದಶಕದಲ್ಲಿ ಪುಟ್ಟ ಗೋಂದಿನ ಚೀಟಿಗಳನ್ನು ಅಚ್ಚು ಹಾಕಿಸಿ ಕಾರ್ಖಾನೆ, ರೈಲು ಡಬ್ಬಿ, ಮರ ಕಡಿಯುವವರ ಬಿಡಾರಗಳಲ್ಲೆಲ್ಲ ಹಚ್ಚಿಸಿತು. ಅವನ್ನು ಅವರು ಮೌನ ಚಳವಳಿಗಾರರು ಎಂಬರ್ಥದ ಹೆಸರಿನಿಂದ ಕರೆದರು. ರಾಲ್ಫ್ ಚಾಪ್ಲಿನ್ ಬರೆದ, ಬೆನ್ನು ಬಾಗಿಸಿ ಬಾಲ ನೆಟ್ಟಗೆ ಮಾಡಿ ನಿಂತ ಕರಿ ಬೆಕ್ಕಿನ ಗುರುತು ಆ ಕಾಲದ್ದು. 1987ರಲ್ಲಿ ನ್ಯೂಯಾರ್ಕಿನಲ್ಲಿ ಏಡ್ಸ್ ಪೀಡಿತರ ಪರವಾಗಿ ಆರಂಭವಾದ ಆ್ಯಕ್ಟ್ ಅಪ್ ಚಳವಳಿ, ಕಪ್ಪು ನೆಲದ ಮೇಲಿನ ಗುಲಾಬಿ ತ್ರಿಕೋನದ ಗುರುತನ್ನು ಪೋಸ್ಟರಿನಲ್ಲಷ್ಟೇ ಅಲ್ಲ, ಅಂಟುಚೀಟಿಗಳಲ್ಲೂ ನಗರದ ತುಂಬ ಹರಡಿತು. ಸರ್ಕಾರ ಬಾಯಿಬಿಡದಿದ್ದ ಒಂದು ಕಾಯಿಲೆಯ ಬಗ್ಗೆ ಟೆಲಿಫೋನ್ ಬೂತು, ಸಬ್‌ವೇ ಕಂಬಗಳು ಮಾತಾಡಿದವು.

ಪೈಲ್ವಾನನ ಮುಖ

ನ್ಯೂಯಾರ್ಕಿನ ಸಬ್‌ವೇ ರೈಲುಗಳಿಂದ ಗ್ರಾಫಿಟಿಯನ್ನು ಪೂರ್ತಿಯಾಗಿ ಅಳಿಸಲಾಗಿದೆ ಎಂದು ಅಲ್ಲಿನ ಸಾರಿಗೆ ಸಂಸ್ಥೆ ಸಾರಿದ್ದು 1989ರ ಮೇ ತಿಂಗಳಲ್ಲಿ. ಬಣ್ಣ ಹಾಕಿದ ಬೋಗಿ ಡಿಪೋದಿಂದ ಹೊರಗೇ ಬರಬಾರದು ಎಂಬ ಕಟ್ಟುನಿಟ್ಟಿನ ಫಲ ಅದು. ಅದೇ ವರ್ಷದ ಬೇಸಿಗೆಯಲ್ಲಿ ಪ್ರಾವಿಡೆನ್ಸ್ ನಗರದ ರೋಡ್ ಐಲ್ಯಾಂಡ್ ಸ್ಕೂಲ್ ಆಫ್ ಡಿಸೈನ್‌ನಲ್ಲಿ ಓದುತ್ತಿದ್ದ ಶೆಪರ್ಡ್ ಫೇರಿ ಎಂಬ ಹುಡುಗ ಸ್ಕೇಟ್‌ಬೋರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗೆಳೆಯನಿಗೆ ಸ್ಟೆನ್ಸಿಲ್ ಕತ್ತರಿಸುವುದನ್ನು ಕಲಿಸಲು ಪತ್ರಿಕೆಯಲ್ಲಿ ಚಿತ್ರ ಹುಡುಕುವಾಗ ಫ್ರಾನ್ಸಿನ ದೈತ್ಯ ಪೈಲ್ವಾನ ಆಂದ್ರೆ ದಿ ಜೈಂಟ್‌ನ ಜಾಹೀರಾತು ಸಿಕ್ಕಿತು. ಕಪ್ಪು ಬಿಳುಪಿನ ಒರಟು ಮುಖ, ಪಕ್ಕದಲ್ಲಿ 7 ಅಡಿ 4 ಅಂಗುಲ, 520 ಪೌಂಡ್ ಎಂಬ ಅಳತೆ, ಜೊತೆಗೆ ಆಂದ್ರೆಗೊಂದು ಪಡೆಯಿದೆ ಎಂಬ ಸಾಲು. ಇಷ್ಟೇ ಆ ಸ್ಟಿಕ್ಕರ್.

ಅದರಲ್ಲಿ ಮಾರಾಟಕ್ಕೆ ಏನೂ ಇರಲಿಲ್ಲ, ಕರೆ ಕೊಡುವಂಥದ್ದೂ ಇರಲಿಲ್ಲ. ಅದಕ್ಕೇ ಜನ ತಲೆ ಕೆಡಿಸಿಕೊಂಡರು. ಯಾವುದೋ ಬ್ಯಾಂಡ್ ಇರಬೇಕು, ಪಂಥ ಇರಬೇಕು ಎಂದು ಊಹಿಸಿದರು. 1990ರಲ್ಲಿ ಬರೆದ ಪುಟ್ಟ ಪ್ರಣಾಳಿಕೆಯಲ್ಲಿ ಫೇರಿ ತತ್ತ್ವಜ್ಞಾನಿ ಹೈಡೆಗರ್‌ನನ್ನು ನೆನೆದು, ಅರ್ಥವಿಲ್ಲದ ಈ ಚೀಟಿಯ ಕೆಲಸವೇ ಜನ ತಮ್ಮ ಸುತ್ತಲಿನದನ್ನು ಪ್ರಶ್ನಿಸುವಂತೆ ಮಾಡುವುದು ಎಂದು ವಾದಿಸಿದ. ಅದೇ ವರ್ಷ ಪ್ರಾವಿಡೆನ್ಸ್ ಮೇಯರ್ ಚುನಾವಣೆಯ ಅಭ್ಯರ್ಥಿ ಬಡ್ಡಿ ಸಿಯಾನ್ಸಿಯ ದೊಡ್ಡ ಹೋರ್ಡಿಂಗಿನಲ್ಲಿ ಅವರ ಮುಖದ ಮೇಲೆ ಆಂದ್ರೆಯ ಮುಖ ಕೂತಿತು. ಊರಿಗೆ ಊರೇ ಅದರ ಬಗ್ಗೆ ಮಾತಾಡಿತು. ಸ್ಕೇಟ್‌ಬೋರ್ಡ್ ಹುಡುಗರ ಜಾಲದ ಮೂಲಕ, ಅಂಚೆಯ ಮೂಲಕ ಚೀಟಿಗಳು ಊರೂರಿಗೆ ಹೋದವು. ಹಚ್ಚುತ್ತಿದ್ದವರು ಫೇರಿಯನ್ನು ಕಂಡವರಲ್ಲ. ಅಪರಿಚಿತರ ಕೈಯಲ್ಲಿ ಕೃತಿ ಬೆಳೆಯಬಲ್ಲದು ಎಂಬುದನ್ನು ಬೀದಿಕಲೆಗೆ ತೋರಿಸಿಕೊಟ್ಟದ್ದೇ ಈ ಪ್ರಸಂಗದ ದೊಡ್ಡ ಕೊಡುಗೆ.

ಮುಂದೆ ಪೈಲ್ವಾನನ ಹೆಸರಿನ ಟ್ರೇಡ್‌ಮಾರ್ಕ್ ಹೊಂದಿದ್ದ ಟೈಟನ್ ಸ್ಪೋರ್ಟ್ಸ್ ಕಂಪನಿ ಆಕ್ಷೇಪ ಎತ್ತಿದಾಗ ಫೇರಿ ಮುಖವನ್ನು ಇನ್ನಷ್ಟು ಸರಳಗೊಳಿಸಿ, ಹೆಸರು ಬಿಟ್ಟು, ‘ಒಬೇ’ (ವಿಧೇಯನಾಗು) ಎಂಬ ಒಂದೇ ಆಜ್ಞೆಯನ್ನು ಅದರ ಕೆಳಗಿಟ್ಟ. ಜಾನ್ ಕಾರ್ಪೆಂಟರ್ ನಿರ್ದೇಶನದ 1988ರ ‘ದೇ ಲಿವ್’ ಚಿತ್ರದಲ್ಲಿ ವಿಶೇಷ ಕನ್ನಡಕ ಹಾಕಿಕೊಂಡವನಿಗೆ ಹೋರ್ಡಿಂಗುಗಳಲ್ಲಿ ಕಾಣುವುದು ಇದೇ ಮಾತು. 2001ರಲ್ಲಿ ‘ಒಬೇ’ ಹೆಸರಿನ ಬಟ್ಟೆ ವ್ಯಾಪಾರ ಶುರುವಾಯಿತು. 2008ರಲ್ಲಿ ಫೇರಿ ರಚಿಸಿದ ಬರಾಕ್ ಒಬಾಮಾ ಅವರ ‘ಹೋಪ್’ ಚಿತ್ರ ಪೋಸ್ಟರಾಗಿ, ಸ್ಟಿಕ್ಕರಾಗಿ ದೇಶ ತುಂಬಿತು. ಮರುವರ್ಷ ಫೆಬ್ರವರಿಯಲ್ಲಿ ಬಾಸ್ಟನ್ನಿನ ಕಲಾ ಸಂಸ್ಥೆಯಲ್ಲಿ ತನ್ನದೇ ಪ್ರದರ್ಶನಕ್ಕೆ ಹೊರಟಿದ್ದ ಫೇರಿಯನ್ನು ಪೊಲೀಸರು ಹಳೆಯ ಗೋಡೆ ಪ್ರಕರಣಗಳಿಗಾಗಿ ಬಂಧಿಸಿದರು. ಜಾಹೀರಾತನ್ನು ಪ್ರಶ್ನಿಸಲು ಹುಟ್ಟಿದ ಗುರುತು ತಾನೇ ಜಾಹೀರಾತಾಯಿತು ಎಂಬ ದೂರಿನಲ್ಲಿ ಹುರುಳಿದೆ. ಆದರೂ ಆ ಮೊದಲ ನಾಲ್ಕೈದು ವರ್ಷಗಳ ಸ್ಟಿಕ್ಕರುಗಳ ಮಹತ್ವ ಅದರಿಂದ ಕುಗ್ಗದು.

ಪುಕ್ಕಟೆ ಚೀಟಿ, ಪುಡಿಯಾಗುವ ಚೀಟಿ

ಮುದ್ರಣಕ್ಕೆ ದುಡ್ಡಿಲ್ಲದವರು ಬೇರೆ ದಾರಿ ಹಿಡಿದರು. ಅಮೆರಿಕದ ಅಂಚೆ ಕಚೇರಿಗಳಲ್ಲಿ ಪಾರ್ಸೆಲ್ಲಿನ ವಿಳಾಸ ಬರೆಯಲು ಪುಕ್ಕಟೆ ಇಡುವ ‘ಲೇಬಲ್ 228’ ಎಂಬ ಬಿಳಿ ಚೀಟಿ ಈ ಕಲೆಯ ಬಡವರ ಕ್ಯಾನ್ವಾಸಾಯಿತು. ಸಭೆಗಳಲ್ಲಿ ಎದೆಗೆ ಹಚ್ಚಿಕೊಳ್ಳುವ, ‘ಹಲೋ, ನನ್ನ ಹೆಸರು’ ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಕೆಂಪು, ನೀಲಿ ಪಟ್ಟಿಯ ಚೀಟಿಗಳೂ ಹಾಗೆಯೇ. ಹೆಸರಿಗೆಂದು ಬಿಟ್ಟ ಬಿಳಿ ಜಾಗದಲ್ಲಿ ಗ್ರಾಫಿಟಿಯವರು ತಮ್ಮ ಬೀದಿ ಹೆಸರನ್ನು ಮಾರ್ಕರಿನಲ್ಲಿ ಒಂದೇ ಉಸಿರಿಗೆ ಬರೆದರು. ಕೈಬರಹದ ಚೆಲುವನ್ನು ನೋಡಬೇಕೆನ್ನುವವರು ಇವುಗಳನ್ನೇ ನೋಡಬೇಕು. ಮಾರ್ಕರಿನ ಚಪ್ಪಟೆ ತುದಿ ತಿರುಗಿದ ಕಡೆ ಗೆರೆ ದಪ್ಪದಿಂದ ಸಣ್ಣಕ್ಕಿಳಿಯುತ್ತದೆ. ಶಾಯಿ ಹೆಚ್ಚಾದ ಕಡೆ ಹನಿಯೊಂದು ಕೆಳಗಿಳಿದು ಒಣಗಿರುತ್ತದೆ. ಎರಡು ಚೀಟಿ ಒಂದೇ ತೆರನಾಗಿರುವುದಿಲ್ಲ. ಸಬ್‌ವೇ ಗ್ರಾಫಿಟಿಯನ್ನು ದಾಖಲಿಸಿ ಹೆಸರಾದ ಛಾಯಾಗ್ರಾಹಕಿ ಮಾರ್ಥಾ ಕೂಪರ್ ಅಂಚೆ ಚೀಟಿಗಳಿಗೊಂದು, ಹೆಸರು ಚೀಟಿಗಳಿಗೊಂದು ಬೇರೆ ಬೇರೆ ಪುಸ್ತಕಗಳನ್ನೇ ಮೀಸಲಿಟ್ಟಿದ್ದಾರೆ.

ಇನ್ನೊಂದು ತುದಿಯಲ್ಲಿದೆ ‘ಎಗ್‌ಶೆಲ್’ ಸ್ಟಿಕ್ಕರ್. ಹೊಸ ಸಾಮಾನಿನ ಗ್ಯಾರಂಟಿ ಸೀಲಿಗೆ ಬಳಸುವ, ಕಿತ್ತರೆ ಹರಿದೇಹೋಗುವ ಹಾಳೆಯದು. ಹಾಳೆ ಬಲು ಪೆಡಸು, ಅಂಟು ಬಲು ಗಟ್ಟಿ. ಅಂಚಿಗೆ ಉಗುರು ಹಾಕಿದರೆ ಅಕ್ಕಿಕಾಳಿನಷ್ಟು ಚೂರು ಮಾತ್ರ ಕೈಗೆ ಬರುತ್ತದೆ, ಉಳಿದದ್ದು ಅಲ್ಲೇ. ತೆಗೆಯುವವರು ಬಿಸಿಗಾಳಿ ಬಿಟ್ಟು, ದ್ರಾವಣ ಸವರಿ, ಬ್ಲೇಡಿನಿಂದ ಕೆರೆಯಬೇಕು. ಅಷ್ಟಾದರೂ ಕೆಳಗಿನ ಬಣ್ಣಕ್ಕೆ ಗೀರು ಬೀಳುವುದುಂಟು. ನಗರಪಾಲಿಕೆಯ ಕೂಲಿಯವರ ಬೆವರು ಈ ಕಲೆಯ ಖರ್ಚಿನ ಬಾಬ್ತಿನಲ್ಲಿ ಸೇರಲೇಬೇಕು. ಸ್ಟಿಕ್ಕರ್ ಕಲೆಯನ್ನು ಮೆಚ್ಚುವವರು ಈ ಲೆಕ್ಕವನ್ನು ಮರೆಮಾಚಬಾರದು.

ಎಲ್ಲಿ, ಯಾವುದರ ಪಕ್ಕ

ಒಳ್ಳೆಯ ಸ್ಟಿಕ್ಕರಿನವನಿಗೆ ಜಾಗದ ಆಯ್ಕೆಯೇ ಅರ್ಧ ಕಲೆ. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಕಾಸ್ಟ್ ಮತ್ತು ರೆವ್ಸ್ ಎಂಬ ಗ್ರಾಫಿಟಿ ಜೋಡಿ ಪಾದಚಾರಿ ಸಿಗ್ನಲ್ ಪೆಟ್ಟಿಗೆಗಳ ಹಿಂಬದಿಯನ್ನು ಹಿಡಿಯಿತು. ರಸ್ತೆ ದಾಟುವ ಎಲ್ಲರ ಕಣ್ಣೂ ಹೋಗುವ, ಆದರೆ ಯಾರೂ ಅಷ್ಟಾಗಿ ಒರೆಸದ ಜಾಗ ಅದು. ಒಂದು ಕಂಬದಲ್ಲಿ ಒಬ್ಬರು ಹಚ್ಚಿದರೆ ಪಕ್ಕಕ್ಕೆ ಇನ್ನೊಬ್ಬರು ಬರುತ್ತಾರೆ. ಹೀಗೆ ಗುಂಪಾದದ್ದನ್ನು ‘ಕಾಂಬೊ’ ಎನ್ನುತ್ತಾರೆ. ಇನ್ನೊಬ್ಬರ ಸ್ಟಿಕ್ಕರ್ ಮೇಲೆ ತಮ್ಮದನ್ನು ಹಚ್ಚುವುದು ಅವಮಾನ. ಅಂಚೆಯಲ್ಲಿ ಕಟ್ಟು ಕಟ್ಟಾಗಿ ವಿನಿಮಯ ಮಾಡಿಕೊಂಡು, ದೂರದ ಗೆಳೆಯನದನ್ನು ತಮ್ಮೂರಲ್ಲಿ ಹಚ್ಚುವುದು ಇಲ್ಲಿನ ಸ್ನೇಹದ ರೀತಿ. ಜಕಾರ್ತಾದ ಹುಡುಗನ ಚಿತ್ರ ಬರ್ಲಿನ್ನಿನ ಕಂಬದಲ್ಲಿದ್ದರೆ ಅವನು ಅಲ್ಲಿಗೆ ಹೋಗಿದ್ದನೆಂದು ಅರ್ಥವಲ್ಲ.

ಜಾಗವನ್ನೇ ಚಿತ್ರದ ಭಾಗವಾಗಿಸಿದವರಲ್ಲಿ ಫ್ಲಾರೆನ್ಸ್‌ನಲ್ಲಿ ನೆಲೆಸಿರುವ ಫ್ರೆಂಚ್ ಕಲಾವಿದ ಕ್ಲೆ ಅಬ್ರಹಾಂ ಮುಖ್ಯರು. 2010ರಿಂದ ಅವರು ರಸ್ತೆ ಫಲಕಗಳ ಮೇಲೆ, ಬೇಕೆಂದಾಗ ತೆಗೆಯಬಹುದಾದ ವಿನೈಲ್ ಆಕೃತಿಗಳನ್ನು ಹಚ್ಚುತ್ತಿದ್ದಾರೆ. ಪ್ರವೇಶವಿಲ್ಲ ಎನ್ನುವ ಕೆಂಪು ವೃತ್ತದ ನಡುವಿನ ಬಿಳಿ ಪಟ್ಟಿಯನ್ನು ಒಬ್ಬ ಪುಟ್ಟ ಕಪ್ಪು ಮನುಷ್ಯ ಬೆನ್ನು ಬಗ್ಗಿಸಿ ಹೊತ್ತಿದ್ದಾನೆ. ಮುಂದೆ ದಾರಿಯಿಲ್ಲ ಎನ್ನುವ ‘ಟಿ’ ಆಕಾರದ ಫಲಕದಲ್ಲಿ ಕ್ರಿಸ್ತ ಶಿಲುಬೆಗೇರಿದ್ದಾನೆ. ಫಲಕ ಹೇಳಬೇಕಾದದ್ದನ್ನು ಹೇಳುತ್ತಲೇ ಇರುತ್ತದೆ, ಚಾಲಕನಿಗೆ ಗೊಂದಲವಿಲ್ಲ ಎಂಬುದು ಅವರ ಸಮರ್ಥನೆ. ದಂಡ ಮಾತ್ರ ತಪ್ಪಿಲ್ಲ. ಸಾರಿಗೆ ಇಲಾಖೆಗಳ ಆತಂಕವೂ ಸುಮ್ಮನೆ ಅಲ್ಲ. 2017ರಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳ ಸಂಶೋಧಕರು ‘ಸ್ಟಾಪ್’ ಫಲಕಕ್ಕೆ ಕೆಲವು ಕಪ್ಪು, ಬಿಳಿ ಸ್ಟಿಕ್ಕರ್ ತುಂಡುಗಳನ್ನು ಲೆಕ್ಕಾಚಾರದಿಂದ ಹಚ್ಚಿ, ಚಿತ್ರ ಗುರುತಿಸುವ ಕಂಪ್ಯೂಟರ್ ವ್ಯವಸ್ಥೆ ಅದನ್ನು ವೇಗಮಿತಿಯ ಫಲಕವೆಂದು ಓದುವಂತೆ ಮಾಡಿ ತೋರಿಸಿದರು. ಮನುಷ್ಯನ ಕಣ್ಣಿಗೆ ಅದು ಹುಡುಗರ ಚೇಷ್ಟೆಯಂತೆಯೇ ಕಾಣುತ್ತಿತ್ತು.

ಸಿಂಗಪುರದ ಪ್ರಕರಣವನ್ನು ಇಲ್ಲಿ ಬಿಡಿಸಿ ಹೇಳಬೇಕು. ಅಲ್ಲಿ ರಸ್ತೆ ದಾಟಲು ಒತ್ತುವ ಗುಂಡಿಗಳ ಮೇಲೆ, ಬೀದಿ ಮಾತಿನ ಇಂಗ್ಲಿಷಿನಲ್ಲಿ ಖುಷಿಯಾಗುವ ತನಕ ಒತ್ತಿ, ಕಾಲಯಾನಕ್ಕಾಗಿ ಒತ್ತಿ ಎಂಬಂಥ ಗುಂಡನೆಯ ಸ್ಟಿಕ್ಕರುಗಳು ಕಾಣಿಸಿಕೊಂಡವು. ರಸ್ತೆಗಳ ಮೇಲೆ ‘ನಮ್ಮಜ್ಜನ ರಸ್ತೆ’ ಎಂಬರ್ಥದ ಸ್ಟೆನ್ಸಿಲ್ ಬರಹವೂ ಮೂಡಿತು. 2012ರ ಜೂನ್‌ನಲ್ಲಿ ಸಮಂತಾ ಲೋ ಎಂಬ ಯುವ ಕಲಾವಿದೆಯ ಬಂಧನವಾಯಿತು. ಪತ್ರಿಕೆಗಳು ಆಕೆಯನ್ನು ‘ಸ್ಟಿಕ್ಕರ್ ಲೇಡಿ’ ಎಂದವು. ಗೋಡೆ ಗೀಚಿದವರಿಗೆ ಛಡಿಯೇಟು ಕೊಡಲು ಅವಕಾಶವಿರುವ ಕಾನೂನು ಆ ದೇಶದಲ್ಲಿ 1966ರಿಂದ ಇದೆ. ಸಾವಿರಾರು ಜನ ಆಕೆಯ ಪರ ಮನವಿಗೆ ಸಹಿ ಹಾಕಿದರು. ಕಡೆಗೆ ಆ ಕಠಿಣ ಕಾಯಿದೆಯ ಬದಲು ಹಗುರವಾದ ಆರೋಪ ಹೊರಿಸಿ, 2013ರಲ್ಲಿ 240 ಗಂಟೆಗಳ ಸಮುದಾಯ ಸೇವೆ ವಿಧಿಸಲಾಯಿತು. ಜನ ಸಹಿ ಹಾಕಿದ್ದು ಕಲೆಯ ಸಿದ್ಧಾಂತ ಓದಿ ಅಲ್ಲ. ಆ ಚೀಟಿಗಳು ಅವರು ಮನೆಯಲ್ಲಿ, ಹೋಟೆಲಿನಲ್ಲಿ ಆಡುವ ಮಾತನ್ನೇ, ಅಧಿಕೃತ ಭಾಷೆ ಮಾತ್ರ ಇರುತ್ತಿದ್ದ ಜಾಗದಲ್ಲಿ ಆಡಿದ್ದವು.

ದ್ವೇಷದ ಚೀಟಿಗಳು

ಈ ಮಾಧ್ಯಮ ಯಾರ ಸ್ವತ್ತೂ ಅಲ್ಲ, ಒಳ್ಳೆಯವರದ್ದೂ ಅಲ್ಲ. ಯಹೂದಿ ದ್ವೇಷ ಹರಡುವ ಅಂಟುಚೀಟಿಗಳು ಜರ್ಮನಿಯಲ್ಲಿ 19ನೇ ಶತಮಾನದ ಕೊನೆಯಲ್ಲೇ ಓಡಾಡುತ್ತಿದ್ದವು. ಅವುಗಳಿಗೆ ಉತ್ತರವಾಗಿ ಯಹೂದಿ ಸಂಘಟನೆಗಳೂ ಚೀಟಿ ಅಚ್ಚು ಹಾಕಿಸಿದವು. ಬರ್ಲಿನ್ನಿನ ಜರ್ಮನ್ ಚರಿತ್ರೆ ವಸ್ತುಸಂಗ್ರಹಾಲಯ 2016ರಲ್ಲಿ ಈ ಇತಿಹಾಸದ ಬಗ್ಗೆಯೇ ಪ್ರದರ್ಶನ ಏರ್ಪಡಿಸಿತ್ತು. ಇಂದಿಗೂ ಜರ್ಮನಿಯ ಕಂಬಗಳಲ್ಲಿ ಫುಟ್‌ಬಾಲ್ ಅಭಿಮಾನಿಗಳ, ಎಡಪಂಥೀಯರ, ನವನಾಜಿಗಳ ಚೀಟಿಗಳು ಒಂದನ್ನೊಂದು ಮುಚ್ಚುತ್ತಾ ಹೋಗುತ್ತವೆ.

ಇಲ್ಲಿ ಇರ್ಮೇಲಾ ಮೆನ್ಸಾ–ಶ್ರಾಮ್ ಅವರ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಬರ್ಲಿನ್ನಿನ ಈ ಶಿಕ್ಷಕಿ 1986ರಲ್ಲಿ ತಮ್ಮ ಬಸ್ ನಿಲ್ದಾಣದಲ್ಲಿ ನಾಜಿ ನಾಯಕ ರುಡಾಲ್ಫ್ ಹೆಸ್‌ನ ಬಿಡುಗಡೆ ಕೇಳುವ ಚೀಟಿ ಕಂಡರು. ಸಂಜೆ ವಾಪಸು ಬಂದಾಗಲೂ ಅದು ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಮನೆಯ ಬೀಗದ ಕೈಯಿಂದಲೇ ಕೆರೆದು ಹಾಕಿದರು. ಅಂದಿನಿಂದ ಬಟ್ಟೆ ಚೀಲದಲ್ಲಿ ಕೆರೆಯುವ ಬ್ಲೇಡು, ಉಗುರುಬಣ್ಣ ತೆಗೆಯುವ ದ್ರಾವಣ, ಕ್ಯಾಮೆರಾ ಇಟ್ಟುಕೊಂಡು ಊರೂರು ತಿರುಗುವುದು ಅವರ ಬದುಕಾಯಿತು. ತೆಗೆಯುವ ಮುನ್ನ ಫೋಟೊ ತೆಗೆಯುತ್ತಾರೆ, ಕಿತ್ತದ್ದನ್ನು ಫೈಲಿನಲ್ಲಿ ಸೇರಿಸುತ್ತಾರೆ. ಆ ಫೈಲುಗಳೇ ಪ್ರದರ್ಶನಗಳಾಗಿವೆ. ಚೀಟಿ ಕಿತ್ತದ್ದಕ್ಕಲ್ಲದಿದ್ದರೂ, ಗೋಡೆಯೊಂದರ ದ್ವೇಷದ ಬರಹವನ್ನು ಗುಲಾಬಿ ಬಣ್ಣದಿಂದ ತಿದ್ದಿದ್ದಕ್ಕೆ 2016ರಲ್ಲಿ ಬರ್ಲಿನ್ ನ್ಯಾಯಾಲಯ ಅವರನ್ನು ಎಚ್ಚರಿಸಿತು. ಹಚ್ಚುವವರ ಸಾಹಸವನ್ನು ಕೊಂಡಾಡುವ ಪುಸ್ತಕಗಳು ಬೇಕಾದಷ್ಟಿವೆ. ಕೀಳುವ ಕೆಲಸವನ್ನು ಇಷ್ಟು ನಿಷ್ಠೆಯಿಂದ ಮಾಡಿದ ಈ ಹೆಂಗಸಿಗೆ ಆ ಚರಿತ್ರೆಯಲ್ಲಿ ಅಷ್ಟೇ ದೊಡ್ಡ ಜಾಗ ಸಲ್ಲಬೇಕು.

ಕುಂಬಳೆಯಿಂದ ಹೊರಟ ಹನುಮಂತ

ಭಾರತದಲ್ಲಿ ಸ್ಟಿಕ್ಕರ್ ಕಂಬಕ್ಕಿಂತ ಹೆಚ್ಚಾಗಿ ಗಾಡಿಯ ಮೇಲೆ ಬೆಳೆದಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯವರೆಗೆ, ರೇಡಿಯಂ ಕಟಿಂಗ್ ಮಾಡುವವರು ಎಲ್ಲೆಡೆ ಇದ್ದಾರೆ. ಹಿಂದೆ ಬ್ಲೇಡು ಹಿಡಿದು ಅಕ್ಷರ ಕೊರೆಯುತ್ತಿದ್ದವರು ಈಗ ಕಂಪ್ಯೂಟರಿಗೆ ಜೋಡಿಸಿದ ಕಟಿಂಗ್ ಯಂತ್ರ ಇಟ್ಟಿದ್ದಾರೆ. ಆದರೆ ಬೇಡದ ಚೂರುಗಳನ್ನು ಸೂಜಿಯಿಂದ ಎತ್ತಿ ತೆಗೆಯುವುದು, ಗಾಜಿಗೆ ಸೋಪಿನ ನೀರು ಹೊಡೆದು ಗುಳ್ಳೆ ಬಾರದಂತೆ ಎಳೆಯುವುದು ಈಗಲೂ ಕೈಕೆಲಸವೇ. ಆಟೋಗಳ ಬೆನ್ನಿನ ಮೇಲೆ ಶಂಕರ್‌ನಾಗ್, ಡಾ. ರಾಜ್‌ಕುಮಾರ್, ಪುನೀತ್, ತಾಯಿಯ ಹೆಸರು, ಮನೆದೇವರು, ಅರಿಸಿನ ಕುಂಕುಮದ ಬಾವುಟ ಎಲ್ಲ ಬಂದದ್ದು ಈ ಕೈಗಳಿಂದ. ಇವರನ್ನು ಕಲಾವಿದರೆಂದು ಯಾವ ಗ್ಯಾಲರಿಯೂ ಕರೆದಿಲ್ಲ. ನಮ್ಮ ಬೀದಿಯ ಕಣ್ಣಿಗೆ ಬಣ್ಣ ಕೊಟ್ಟವರು ಮಾತ್ರ ಇವರೇ.

ಈ ದಾರಿಯಲ್ಲೇ ದೇಶ ಸುತ್ತಿದ ಚಿತ್ರ ಕಾಸರಗೋಡು ಜಿಲ್ಲೆಯ ಕುಂಬಳೆಯ ಕರಣ್ ಆಚಾರ್ಯ ಅವರ ಹನುಮಂತ. 2015ರಲ್ಲಿ ಊರಿನ ಹುಡುಗರು ಗಣೇಶೋತ್ಸವದ ಬಾವುಟಕ್ಕೊಂದು ಚಿತ್ರ ಬೇಕೆಂದಾಗ ಅವರು ಕೇಸರಿ, ಕಪ್ಪು ಎರಡೇ ಬಣ್ಣದಲ್ಲಿ, ಹುಬ್ಬು ಗಂಟಿಕ್ಕಿದ ಮುಖವೊಂದನ್ನು ಬರೆದುಕೊಟ್ಟರು. ಅರ್ಧ ಮುಖ ನೆರಳಿನಲ್ಲಿ ಕರಗಿದೆ, ನೋಟ ನೇರ. ಎರಡೇ ಬಣ್ಣವಿದ್ದದ್ದರಿಂದ ವಿನೈಲ್ ಕತ್ತರಿಸುವವರಿಗೆ ಅದು ಹೇಳಿ ಮಾಡಿಸಿದಂತಿತ್ತು. ಮೊದಲು ಫೋನಿನ ಪ್ರೊಫೈಲ್ ಚಿತ್ರವಾಯಿತು, ಆಮೇಲೆ ಬೆಂಗಳೂರಿನ ಕಾರು, ಬೈಕುಗಳ ಹಿಂಗಾಜು ಏರಿತು, ಅಲ್ಲಿಂದ ದೇಶವನ್ನೇ ವ್ಯಾಪಿಸಿತು. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯ ಹೊತ್ತಿಗೆ ಮಂಗಳೂರಿನ ಸಭೆಯಲ್ಲಿ ಪ್ರಧಾನಿಯೇ ಕಲಾವಿದರನ್ನು ಹೊಗಳಿದರು. ಭಕ್ತಿಯ ಹನುಮನನ್ನು ಸಿಟ್ಟಿನ ಹನುಮನನ್ನಾಗಿ ಮಾಡಲಾಗಿದೆ ಎಂದು ಕೆಲವರು ಟೀಕಿಸಿದರೆ, ತಾನು ಬರೆದದ್ದು ಸಿಟ್ಟನ್ನಲ್ಲ, ಗತ್ತನ್ನು ಎಂದು ಕಲಾವಿದರು ಹೇಳುತ್ತಾ ಬಂದರು. ಬಾವುಟಕ್ಕೆಂದು ಬರೆದ ಚಿತ್ರದ ಅರ್ಥ, ಅದನ್ನು ಯಾವ ಗಾಡಿ ಯಾವ ಮೆರವಣಿಗೆಯಲ್ಲಿ ಹೊತ್ತಿದೆ ಎಂಬುದರಿಂದ ತೀರ್ಮಾನವಾಗತೊಡಗಿತು. ಸ್ಟಿಕ್ಕರಾಗಿ ಕೈಬಿಟ್ಟ ಮೇಲೆ ಆಂದ್ರೆಯ ಮುಖಕ್ಕೂ ಆದದ್ದು ಇದೇ.

ಕರ್ನಾಟಕದಲ್ಲಿ ಸಾರ್ವಜನಿಕ ನೋಟಕ್ಕೆ ಬೀಳುವ ಜಾಗಗಳಲ್ಲಿ ಅನುಮತಿಯಿಲ್ಲದೆ ಜಾಹೀರಾತು ಹಚ್ಚುವುದನ್ನು ತಡೆಯುವ ಕಾನೂನು 1981ರಿಂದ ಇದೆ. ಆದರೂ ಬೆಂಗಳೂರಿನ ಕಂಬಗಳನ್ನು ಪೇಯಿಂಗ್ ಗೆಸ್ಟ್, ಸಾಲ, ಮನೆಪಾಠ, ಬೋರ್‌ವೆಲ್‌ಗಳ ಚೀಟಿಗಳು ಮುಚ್ಚಿವೆ. ಅವುಗಳ ನಡುವೆ ಯಾರದೋ ಕೈಯಲ್ಲಿ ಬರೆದ ಒಂದು ಚಿತ್ರ ಕಂಡರೆ ನಿಂತು ನೋಡುವಂತಾಗುತ್ತದೆ. ಸಾಫ್ಟ್‌ವೇರ್ ಕಚೇರಿಗಳ ಲ್ಯಾಪ್‌ಟಾಪ್ ಮುಚ್ಚಳದ ಮೇಲೆ ಇದಕ್ಕಿಂತ ಹೆಚ್ಚು ಸ್ಟಿಕ್ಕರುಗಳಿವೆ, ಆದರೆ ಅವು ಒಡೆಯನ ಒಪ್ಪಿಗೆಯಿಂದ ಹಚ್ಚಿದವು. ಬೀದಿಯ ಅಪಾಯವೂ ಅಲ್ಲಿಲ್ಲ, ಅಪರಿಚಿತ ನೋಡುಗರೂ ಇಲ್ಲ.

ಸಂಗ್ರಹ

ಬೀದಿಯ ಸ್ಟಿಕ್ಕರ್ ಹೆಚ್ಚು ದಿನ ಬಾಳುವುದಿಲ್ಲ. ಅದನ್ನು ಕೂಡಿಡುವ ಯತ್ನಗಳೂ ತಡವಾಗಿಯೇ ಶುರುವಾದವು. ಓಲಿವರ್ ಬೌದಾಖ್ 2008ರಲ್ಲಿ ಬರ್ಲಿನ್ನಿನಲ್ಲಿ ‘ಹ್ಯಾಚ್ ಕಿಂಗ್‌ಡಮ್’ ಎಂಬ ಸ್ಟಿಕ್ಕರ್ ವಸ್ತುಸಂಗ್ರಹಾಲಯ ತೆರೆದರು. 2010ರಲ್ಲಿ ಡಿ.ಬಿ. ಬರ್ಕ್‌ಮನ್ ಅವರು ಮೋನಿಕಾ ಲೊಕಾಶಿಯೊ ಜೊತೆ ಸೇರಿ, ಪಂಕ್ ಸಂಗೀತದ ಕಾಲದಿಂದ ಸಮಕಾಲೀನ ಕಲೆಯವರೆಗಿನ ಸ್ಟಿಕ್ಕರುಗಳ ದೊಡ್ಡ ಪುಸ್ತಕ ತಂದರು. ನ್ಯೂಯಾರ್ಕ್ ರಾಜ್ಯದ ಸೇಂಟ್ ಲಾರೆನ್ಸ್ ವಿಶ್ವವಿದ್ಯಾಲಯದಲ್ಲಿ ಕ್ಯಾಥರಿನ್ ಟೆಡ್‌ಫೋರ್ಡ್ ಹಲವು ದೇಶಗಳ ಬೀದಿ ಸ್ಟಿಕ್ಕರುಗಳ ಡಿಜಿಟಲ್ ಭಂಡಾರ ಕಟ್ಟಿದ್ದಾರೆ. ಹಚ್ಚದೆ ಉಳಿದ ಸ್ಟಿಕ್ಕರ್ ಫೈಲಿನಲ್ಲಿ ಹೊಸದರಂತೆ ಇರುತ್ತದೆ, ಅದು ಬೀದಿ ಕಂಡದ್ದಲ್ಲ. ಕಂಬದಿಂದ ಕಿತ್ತದ್ದರ ಹಿಂದೆ ಹಳೆಯ ಬಣ್ಣದ ಚಕ್ಕೆ, ಕೆಳಗಿದ್ದ ಇನ್ನೊಂದು ಚೀಟಿಯ ಮೂಲೆ, ಪಾಲಿಕೆಯವರ ಬ್ಲೇಡಿನ ಗೀರು ಸೇರಿಕೊಂಡಿರುತ್ತವೆ. ಅಧ್ಯಯನಕ್ಕೆ ಹೆಚ್ಚು ನೆರವಾಗುವುದು ಈ ಎರಡನೆಯದು, ಅದೂ ಕೀಳುವ ಮುನ್ನ ತೆಗೆದ ಫೋಟೊ, ಊರು, ಬೀದಿ, ತಾರೀಖಿನ ಜೊತೆ ಸಿಕ್ಕರೆ.